ಕೌದಿಯೊಳಗಿಲ್ಲದ ಕೋಟು

ಹರುಯೆ ಸಾನ್ ಅವರ ಗಂಡನ ಕೋಟು ಆ ಕೌದಿಯೊಳಗೆ ಇರಲಿಲ್ಲ. ಅದನ್ನು ಕತ್ತರಿಸಿ ಕಸದ ಚೀಲಕ್ಕೆ ಹಾಕಿದವಳು ನಾನು. ಹಾಕಿದ ಮೇಲೆ, ಒಳಗಿದೆ ಎಂದು ಹೇಳಿದವಳೂ ನಾನೇ. ಆ ಮಾತನ್ನು ನಂಬಿ ಅವರು ಐದು ಚಳಿಗಾಲ ಅದನ್ನು ಹೊದ್ದು ಮಲಗಿದರು.

ಇಷ್ಟು ಬರೆಯುವುದಕ್ಕೆ ನನಗೆ ಒಂಬತ್ತು ವರ್ಷ ಹಿಡಿಯಿತು. ಇಷ್ಟೇ ಆಗಿದ್ದರೆ — ಇಲ್ಲ, ಇಷ್ಟೇ ಅಲ್ಲ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಅದನ್ನೂ ಬರೆಯುತ್ತೇನೆ. ಮೊದಲು ಇದು ಮುಗಿಯಲಿ.

ನಾವು ಜಪಾನಿನ ತ್ಸುಕುಬಾಕ್ಕೆ ಬಂದದ್ದು ದೊಡ್ಡ ಭೂಕಂಪವಾದ ಎರಡು ವರ್ಷಕ್ಕೆ. ನಮ್ಮ ಮನೆಯವರನ್ನು ಬೆಂಗಳೂರಿನ ಅವರ ಕಂಪನಿ ಇಲ್ಲಿನ ಒಂದು ಪ್ರಯೋಗಾಲಯದ ಕೆಲಸಕ್ಕೆ ಕಳಿಸಿತ್ತು. ಊರು ಮುಗಿದು ಭತ್ತದ ಗದ್ದೆಗಳು ಶುರುವಾಗುವ ಕಡೆ, ಎರಡನೆಯ ಮಹಡಿಯಲ್ಲಿ ಬಾಡಿಗೆ ಮನೆ. ಮಗಳು ಮೇಘನಾಗೆ ಆಗ ಎಂಟು ವರ್ಷ. ನನಗೆ ಭಾಷೆ ಬಾರದು, ಅಂಗಡಿಯಲ್ಲಿ ಯಾವ ಪೊಟ್ಟಣದಲ್ಲಿ ಮೀನಿನ ಪುಡಿ ಇದೆಯೋ ಗೊತ್ತಾಗದು. ದಿನಾ ಸಂಜೆ ದೇವರ ದೀಪ ಹಚ್ಚಿ, ಆ ದಿನ ಸಿಕ್ಕ ಸಣ್ಣಪುಟ್ಟ ಉಪಕಾರಗಳನ್ನು ಎಣಿಸಿ ಒಪ್ಪಿಸುವುದು ನನ್ನ ರೂಢಿ — ಬಿಸಿಲು ಬಂತು, ಬಟ್ಟೆ ಒಣಗಿತು, ಕೊತ್ತಂಬರಿ ಸಿಕ್ಕಿತು, ಮಗಳು ಶಾಲೆಯಿಂದ ನಗುತ್ತಾ ಬಂದಳು. ಆ ಮೊದಲ ವರ್ಷ ಎಣಿಸಿದ್ದರಲ್ಲಿ ಅರ್ಧಕ್ಕರ್ಧ ಪಕ್ಕದ ರೈತಮನೆಯಿಂದ ಬಂದದ್ದು.

ಅಲ್ಲಿ ಹರುಯೆ ಸಾನ್ ಮತ್ತು ಅವರ ಗಂಡ ಶೋಜಿ ಸಾನ್ ಇದ್ದರು. ಇಲ್ಲಿ ಯಾರ ಹೆಸರಿಗಾದರೂ ಮರ್ಯಾದೆಗೆ ಸೇರಿಸುವ ಮಾತು ಈ 'ಸಾನ್'. ಇಬ್ಬರಿಗೂ ಎಪ್ಪತ್ತು ದಾಟಿತ್ತು. ಶೋಜಿ ಸಾನ್ ಬೇಟೆಗಾರರು. ಶರತ್ಕಾಲದಲ್ಲಿ ಭತ್ತ ಬಲಿಯುವಾಗ ಬೆಟ್ಟದಿಂದ ಕಾಡುಹಂದಿಗಳು ಇಳಿಯುತ್ತವೆ. ಅವನ್ನು ಹೊಡೆಯಲು ಲೈಸೆನ್ಸ್ ಇದ್ದ ಊರಿನ ಕೆಲವೇ ಜನರಲ್ಲಿ ಅವರೊಬ್ಬರು. ಭೂಕಂಪದಲ್ಲಿ ಅಣುಸ್ಥಾವರ ಕೆಟ್ಟ ನಂತರ, ವಿಕಿರಣದ ಕಾರಣಕ್ಕೆ ಆ ಮಾಂಸ ತಿನ್ನಬಾರದೆಂದು ಆಗಿತ್ತು. ಹೊಡೆದದ್ದನ್ನು ಹೂಳುತ್ತಿದ್ದರು. ಹೂತ ಜಾಗದಲ್ಲಿ ಪ್ರತಿ ಸಲವೂ ಶೋಜಿ ಸಾನ್ ಟೋಪಿ ತೆಗೆದು ಕೈಮುಗಿದು ಬರುತ್ತಿದ್ದರಂತೆ. ಇದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಮೇಘನಾಗೆ ಅವರೆಂದರೆ ಪ್ರಾಣ. "ಜೀಚಾನ್" ಎನ್ನುತ್ತಿದ್ದಳು, ಅಂದರೆ ಅಜ್ಜ. ಒಗರಿನ ಪರ್ಸಿಮನ್ ಹಣ್ಣು ಸಿಪ್ಪೆ ಹೆರೆದು, ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ದಾರಕ್ಕೆ ಕಟ್ಟಿ ಒಣಗಲೆಂದು ಸೂರಿನಡಿ ತೂಗುಹಾಕುವುದನ್ನು ಅವಳಿಗೆ ಕಲಿಸಿದವರು ಅವರು. ಮನೆಗೆ ಬಂದರೆ ಹುಡುಗಿಯ ಮೈಯೆಲ್ಲ ಸೌದೆಹೊಗೆಯ ವಾಸನೆ.

ಮರುವರ್ಷದ ಬೇಸಿಗೆಯಲ್ಲಿ ಶೋಜಿ ಸಾನ್ ಹೃದಯಾಘಾತದಿಂದ ಹೋದರು.

ಹರುಯೆ ಸಾನ್ ಊರಿನ ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ಹೆಂಗಸರಿಗೆ ತುಂಡುಬಟ್ಟೆಯ ಹೊದಿಕೆ ಹೊಲಿಯುವುದನ್ನು ಹೇಳಿಕೊಡುತ್ತಿದ್ದರು. ಆ ಶರತ್ಕಾಲ, ಅವರ ಮನಸ್ಸಿಗೆ ಸ್ವಲ್ಪ ಬೇರೆ ಏನಾದರೂ ಸಿಗಲಿ ಎಂದು, ನಾನು ದಾವಣಗೆರೆಯಿಂದ ತಂದಿದ್ದ ನಮ್ಮಜ್ಜಿಯ ಕೌದಿಯನ್ನು ಅಲ್ಲಿಗೆ ಒಯ್ದೆ. ಅವರ ಹೊದಿಕೆಗಳಲ್ಲಿ ಒಳಗಡೆ ಅಂಗಡಿಯ ಬಿಳಿ ಹತ್ತಿ. ನಮ್ಮದರಲ್ಲಿ ಒಳಗೆ ಮನೆಯವರದೇ ಸವೆದ ಬಟ್ಟೆ — ಅಜ್ಜಿಯ ಸೀರೆ, ಅಜ್ಜನ ಧೋತರ, ಯಾರದೋ ಹರಿದ ಅಂಗಿ. ಅದನ್ನು ಕೌದಿಯ ಹೊಟ್ಟೆ ಎನ್ನುತ್ತಿದ್ದಳು ನಮ್ಮಜ್ಜಿ. ಕೊನೆಯ ಮೂಲೆ ಮುಚ್ಚುವ ಮುಂಚೆ ಒಂದು ಚಿಟಿಕೆ ಕಾಳು ಒಳಗೆ ಹಾಕಿ ಹೊಲಿಯುತ್ತಿದ್ದಳು, ಹೊದಿಕೆ ಹಸಿದಿರಬಾರದು ಎಂದು. ಇದನ್ನೆಲ್ಲ ನನ್ನ ಅರೆಬರೆ ಜಪಾನಿಯಲ್ಲಿ ಹೇಳಿದೆ. ಹೆಂಗಸರು ಕೌದಿಯನ್ನು ಮುಟ್ಟಿ ಮುಟ್ಟಿ ನೋಡಿದರು.

ಎರಡು ದಿನ ಬಿಟ್ಟು ಹರುಯೆ ಸಾನ್ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ನೀಲಿ ಬಟ್ಟೆಯ ಗಂಟು. ಬಿಚ್ಚಿದರೆ ಶೋಜಿ ಸಾನ್ ಬೇಟೆಗೆ ಹಾಕುತ್ತಿದ್ದ ಕೋಟು.

"ಇದು ನನ್ನ ಕೌದಿಯ ಹೊಟ್ಟೆಗೆ" ಎಂದರು. "ಬದುಕಿರೋ ತನಕ ನನ್ನ ಹೊದಿಕೆ ಎಳ್ಕೊಂಡು ಎಳ್ಕೊಂಡು ನನ್ನನ್ನ ಚಳೀಲಿ ಮಲಗಿಸಿದ. ಈಗ ಅವನೇ ಹೊದಿಕೆಯಾಗ್ಲಿ, ನೋಡೋಣ."

ಅವರು ನಕ್ಕರು. ನಾನೂ ನಕ್ಕೆ.

"ತೊಳೀಬೇಡಿ. ತೊಳೆದರೆ ಅವನು ಹೋಗ್ಬಿಡ್ತಾನೆ" ಎಂದರು. ಆಮೇಲೆ, ನನ್ನ ಮುಖದಲ್ಲಿ ಏನು ಕಂಡರೋ, "ಕಷ್ಟ ಅನ್ನಿಸಿದರೆ ದಯವಿಟ್ಟು ಹೇಳಿ. ನಾನೇ ಹೇಗೋ ಹೊಲ್ಕೋತೀನಿ" ಎಂದೂ ಸೇರಿಸಿದರು.

ಆಗ ಒಂದು ಮಾತು ಹೇಳಬಹುದಿತ್ತು. ನಾನು "ಕಷ್ಟವೇನಿಲ್ಲ" ಎಂದು ಬಾಗಿ ನಮಸ್ಕರಿಸಿ ಗಂಟನ್ನು ತೆಗೆದುಕೊಂಡೆ.

ನವರಾತ್ರಿಯ ಮೂರನೆಯ ದಿನ ಅದು. ಅಡುಗೆಮನೆಯ ಕಪಾಟಿನ ಮೇಲೆಯೇ ನಮ್ಮ ದೇವರು. ಒಂಬತ್ತು ದಿನ ಆರದ ದೀಪ. ಆ ಕೋಟನ್ನು ಆ ಸೂರಿನಡಿ ಇಡುವುದಾದರೂ ಹೇಗೆ? ತೋಳಿನ ತುದಿಯಲ್ಲಿ ಕಂದು ಕಲೆ. ಎಣ್ಣೆ, ಹೊಗೆ, ಮತ್ತೆ — ಮತ್ತೆ ಆ ವಾಸನೆ. ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿದೆ.

ಸಂಜೆ ನಮ್ಮ ಮನೆಯವರು ನೋಡಿ, "ಏನ್ ಮಹರಾಯ್ತಿ, ಬಾಲ್ಕನೀಲಿ ಹಂದಿ ತಂದು ಕಟ್ಟಿದೀಯಾ?" ಎಂದು ನಕ್ಕರು. ಮೇಘನಾ ಓಡಿಹೋಗಿ ಅದಕ್ಕೆ ಮುಖ ಒತ್ತಿ, "ಜೀಚಾನ್ ಸ್ಮೆಲ್!" ಎಂದಳು. ನಾನು ಅವಳ ತೋಳು ಹಿಡಿದು ಎಳೆದು, ಬಚ್ಚಲಿಗೆ ಕಳಿಸಿ, ತಲೆಗೆ ಸ್ನಾನ ಮಾಡಿಸಿದೆ. ಅವಳು ಅತ್ತಳು.

ನಾಲ್ಕು ದಿನ ಅದು ಹೊರಗಿತ್ತು. ನಾಲ್ಕು ದಿನವೂ ದೀಪಕ್ಕೆ ಎಣ್ಣೆ ಹಾಕುವಾಗ ನನ್ನ ಕಣ್ಣು ಬಾಲ್ಕನಿಯ ಬಾಗಿಲ ಮೇಲೆ. ವಾಪಸು ಕೊಡೋಣವೆಂದರೆ ಒಪ್ಪಿಕೊಂಡಾಗಿದೆ. ಮುಟ್ಟೋಣವೆಂದರೆ ಕೈ ಹೋಗದು. ಐದನೆಯ ದಿನ ಮಧ್ಯಾಹ್ನ, ಮಗಳು ಶಾಲೆಯಲ್ಲಿದ್ದಾಗ, ರಬ್ಬರ್ ಕೈಗವಸು ಹಾಕಿಕೊಂಡು, ಕೋಟನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿದೆ. ದಪ್ಪ ಬಟ್ಟೆ, ಕತ್ತರಿಯ ಹಿಡಿ ಬೆರಳಿಗೆ ಒತ್ತಿ ಬೊಬ್ಬೆ ಬಂತು. ಇಲ್ಲಿನ ಕಸದ ಚೀಲಗಳು ಹೊರಗಿನಿಂದ ಒಳಗಿನದು ಕಾಣುವಂಥವು. ಅದಕ್ಕೆ ತುಂಡುಗಳನ್ನು ಪತ್ರಿಕೆಯಲ್ಲಿ ಸುತ್ತಿ, ಸುತ್ತಲೂ ತರಕಾರಿ ಸಿಪ್ಪೆ, ಕಾಫಿ ಚರಟ ತುಂಬಿದೆ. ಇಷ್ಟೆಲ್ಲ ಯೋಚಿಸಿ ಮಾಡಿದ್ದು. ಕೈತಪ್ಪಿ ಆದದ್ದಲ್ಲ.

ಮರುದಿನ ಬೆಳಿಗ್ಗೆ ಸುಡಬಹುದಾದ ಕಸ ಒಯ್ಯುವ ದಿನ. ಬೀದಿಯ ಮೂಲೆಯಲ್ಲಿ ಕಸ ಇಡುವ ಜಾಗ. ಕಾಗೆ ಬಾರದಂತೆ ಬಲೆ ಮುಚ್ಚಿ, ಲಾರಿ ಬರುವವರೆಗೆ ನೋಡಿಕೊಳ್ಳಲು ವಾರಕ್ಕೊಂದು ಮನೆಯ ಪಾಳಿ. ನಾನು ಚೀಲ ಹಿಡಿದು ತಿರುವು ದಾಟಿದರೆ — ಬಲೆಯ ಪಕ್ಕದಲ್ಲಿ, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಹರುಯೆ ಸಾನ್. ಆ ವಾರ ಅವರ ಪಾಳಿ ಎಂಬುದು ನನಗೆ ನೆನಪೇ ಇರಲಿಲ್ಲ.

ಹಿಂದಕ್ಕೆ ತಿರುಗುವಂತಿರಲಿಲ್ಲ, ಅವರು ಆಗಲೇ ಕೈಬೀಸಿದ್ದರು. ಬಂದು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಅಬ್ಬಾ, ಏನು ಭಾರ! ಏನಿದೆ ಇದರಲ್ಲಿ?"

"ಬಟ್ಟೆ" ಎಂದುಬಿಟ್ಟೆ. ಯಾಕೆ ಹಾಗಂದೆನೋ. ಸುಳ್ಳು ಹೇಳಲು ಹೊರಟವಳ ಬಾಯಿಂದ ನಿಜ ಜಾರಿತ್ತು.

"ಬಟ್ಟೆ ಇವತ್ತಲ್ಲ ಅಲ್ವಾ? ಅದಕ್ಕೆ ಬುಧವಾರ. ಬೇರೆ ಮಾಡಿಕೊಡ್ತೀನಿ, ಕೊಡಿ." ಚೀಲವನ್ನು ನೆಲಕ್ಕಿಟ್ಟು, ಬಗ್ಗಿ, ಗಂಟಿಗೆ ಕೈಹಾಕಿದರು.

ಗಂಟಿನ ಒಂದು ಎಳೆ ಬಿಚ್ಚಿತು. ಪತ್ರಿಕೆಯ ಅಂಚು ಹೊರಗೆ ಕಂಡಿತು.

"ಬೇಡ! ಬಟ್ಟೆ ಅಲ್ಲ, ತಪ್ಪು ಹೇಳಿದೆ. ಅಡುಗೆಮನೆದು. ಕೆಟ್ಟು ಹೋಗಿದೆ, ತುಂಬಾ ವಾಸನೆ" ಎಂದೆ.

ಅವರು ಮೂಗು ಮುಚ್ಚಿಕೊಳ್ಳುವ ಆಟ ಆಡಿ ನಕ್ಕರು. "ನಿಮ್ಮ ಜಪಾನಿ ಇನ್ನೂ ಸ್ವಲ್ಪ ಬೇಯಬೇಕು" ಎಂದರು. ಗಂಟು ಮತ್ತೆ ಬಿಗಿದರು. ಎರಡೂ ಕೈಯಲ್ಲಿ ಎತ್ತಿ, ಮಗುವನ್ನು ಮಲಗಿಸುವ ಹಾಗೆ, ಬಲೆಯ ಕೆಳಗೆ ಇಟ್ಟರು.

ಗಂಡನ ಕೋಟನ್ನು — ಅವರೇ.

ಲಾರಿ ಬರುವವರೆಗೆ ನಾನು ಅಲ್ಲಿಂದ ಕದಲಲಿಲ್ಲ. ಹವಾಮಾನದ ಬಗ್ಗೆ, ಮೇಘನಾಳ ಶಾಲೆಯ ಬಗ್ಗೆ ಏನೇನೋ ಮಾತಾಡಿದೆ. ಕಾಗೆಯೊಂದು ಬಲೆಯ ಸುತ್ತ ಕುಪ್ಪಳಿಸುತ್ತಿತ್ತು. ಅದರ ಕೊಕ್ಕನ್ನೇ ನೋಡುತ್ತಿದ್ದೆ. ಆ ದಿನ ಲಾರಿ ಬೇಗ ಬಂತು. ಸಂಜೆ ದೀಪದ ಮುಂದೆ ಕೂತು ಎಣಿಸಿದಾಗ ಅದನ್ನೂ ಎಣಿಸಿದೆ: ಲಾರಿ ಬೇಗ ಬಂತು, ದೇವರೇ, ನಿನ್ನ ದಯೆ. ದೇವರನ್ನೂ ನನ್ನ ಜೊತೆ ಸೇರಿಸಿಕೊಂಡಿದ್ದೆ.

ಕೌದಿಯ ಹೊಟ್ಟೆಗೆ ಅಂಗಡಿಯಿಂದ ತಂದ ಒಂದು ದಪ್ಪ ಕಂಬಳಿ, ನನ್ನದೇ ಎರಡು ಹಳೆಯ ಸೀರೆ. ಮೇಲೆ ಹರುಯೆ ಸಾನ್ ಕೊಟ್ಟಿದ್ದ ಇಂಡಿಗೊ ನೀಲಿ ತುಂಡುಗಳು. ಇಬ್ಬರೂ ಅವರ ಮನೆಯಲ್ಲಿ, ತೂಗುಹಾಕಿದ ಹಣ್ಣುಗಳ ಸಾಲಿನ ಪಕ್ಕದಲ್ಲಿ ಕೂತು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿದೆವು. ಒಳಗಿನದನ್ನು ನಾನು ಮನೆಯಲ್ಲೇ ಜೋಡಿಸಿ, ಹೊಲಿದು ಮುಚ್ಚಿ ತಂದಿದ್ದೆ.

"ಕಾಲರ್ ಎಲ್ಲಿ ಬಂತು?" ಎಂದು ಒಂದು ದಿನ ಕೇಳಿದರು.

ಸೂಜಿ ನಿಂತಿತು. "ಇಲ್ಲಿ" ಎಂದು, ಹೊದ್ದರೆ ಗಲ್ಲದ ಹತ್ತಿರ ಬರುವ ಒಂದು ಕಡೆ ಬೆರಳಿಟ್ಟೆ. ಅವರು ಅಲ್ಲಿ ಅಂಗೈ ಊರಿದರು. ಬಹಳ ಹೊತ್ತು ಊರಿದ್ದರು. ಆಮೇಲೆ ಗುರುತಿಗೆಂದು ಅಲ್ಲಿ ಕೆಂಪು ದಾರದಲ್ಲಿ ಒಂದು ಸಣ್ಣ ಹೊಲಿಗೆ ಹಾಕಿಸಿಕೊಂಡರು. ಕೊನೆಯ ಮೂಲೆಗೆ ತಮ್ಮ ಗದ್ದೆಯ ಹೊಸ ಅಕ್ಕಿ ನಾಲ್ಕು ಕಾಳು ಹಾಕಿ, ಕೈಜೋಡಿಸಿ, "ಒತ್ಸುಕಾರೆಸಾಮ" ಎಂದರು. ದುಡಿದು ಮನೆಗೆ ಬಂದವರಿಗೆ ಇಲ್ಲಿ ಹೇಳುವ ಮಾತು ಅದು: ದಣಿದಿದ್ದೀರಿ, ಇನ್ನು ಸುಧಾರಿಸಿಕೊಳ್ಳಿ. ನನ್ನ ಹಳೆಯ ಸೀರೆಗೆ ಹೇಳಿದರು ಅದನ್ನು.

ಐದು ವರ್ಷ. ಪ್ರತಿ ಚಳಿಗಾಲದಲ್ಲೂ ಸಿಕ್ಕಾಗ, "ಅವನು ಈ ವರ್ಷವೂ ಬೆಚ್ಚಗಿದ್ದಾನೆ" ಎನ್ನುತ್ತಿದ್ದರು. ನಾನು ಎಷ್ಟೋ ಸಲ ಬಾಯಿ ತೆರೆದದ್ದುಂಟು — ತೆರೆದು, ಚಹಾ ಕುಡಿದು ಬಂದದ್ದುಂಟು.

ಈಗ ಎರಡನೆಯದು.

ಐದನೆಯ ವರ್ಷದ ನವೆಂಬರಿನಲ್ಲಿ ಹರುಯೆ ಸಾನ್ ತೀರಿಕೊಂಡರು. ಟೋಕಿಯೊ ನಗರದ ಕೋಟೋ ಎಂಬ ಭಾಗದಲ್ಲಿ ಕೆಲಸದಲ್ಲಿದ್ದ ಅವರ ಒಬ್ಬಳೇ ಮಗಳು ಮಿವಾ ಸಾನ್ ಬಂದಿದ್ದಳು. ಅಂತ್ಯಕ್ರಿಯೆಯ ದಿನ ಬೆಳಿಗ್ಗೆ ನಮ್ಮನ್ನು ಒಳಗೆ ಕರೆದಳು. ಶವಪೆಟ್ಟಿಗೆ ಇನ್ನೂ ತೆರೆದಿತ್ತು. ಪ್ರೀತಿಯ ವಸ್ತುಗಳನ್ನು ಜೊತೆಗೆ ಇಡುವುದು ಇಲ್ಲಿನ ಪದ್ಧತಿ. ಕೌದಿಯನ್ನು ಮಡಿಚಿ ಪಕ್ಕದಲ್ಲಿಟ್ಟಿದ್ದರು. ಮಿವಾ ಸಾನ್ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಕೈಯಲ್ಲಿ ತಾಯಿಯ ಪುಟ್ಟ ಕತ್ತರಿ.

ಅವಳು ಬೇಗ ಬೇಗ ಮಾತಾಡಿದಳು; ನನಗೆ ಅರ್ಧ ತಿಳಿಯಿತು, ಉಳಿದದ್ದನ್ನು ಮೇಘನಾ ಹೇಳಿದಳು. ಅವಳಿಗಾಗ ಹದಿನಾಲ್ಕು. "ಅಮ್ಮಾ, ಅವ್ರ ಅಪ್ಪನ ಬಟ್ಟೆ ಎಲ್ಲಾ ಆಗ್ಲೇ ಕೊಟ್ಬಿಟ್ರಂತೆ. ಅವ್ರ ಹತ್ರ ಏನೂ ಇಲ್ವಂತೆ. ಈ ರೆಡ್ ಥ್ರೆಡ್ ಹತ್ರ ಸ್ವಲ್ಪ ಓಪನ್ ಮಾಡಿ, ಕಾಲರ್ ಪೀಸ್ ಮಾತ್ರ ತಗೊಳ್ಲಾ, ಅಂತ ಕೇಳ್ತಿದಾರೆ. ನಿನ್ನ ಪರ್ಮಿಷನ್ ಬೇಕಂತೆ. ನೀನು ಹೊಲಿದಿದ್ದಲ್ವಾ."

ಕತ್ತರಿಯ ತುದಿ ಕೆಂಪು ದಾರದ ಮೇಲಿತ್ತು. ಒಂದು ಎಳೆ ಕಿತ್ತರೆ ಸಾಕು, ನನ್ನ ಹಳದಿ ಸೀರೆ ಕಾಣುತ್ತಿತ್ತು. ತೆರೆದ ಪೆಟ್ಟಿಗೆಯಲ್ಲಿ ಹರುಯೆ ಸಾನ್ ಮುಖ. ಬಂಧುಗಳೆಲ್ಲ ನನ್ನನ್ನೇ ನೋಡುತ್ತಿದ್ದರು.

ನಾನು ಮಗಳ ಕಡೆ ತಿರುಗಿ ಕನ್ನಡದಲ್ಲಿ ಹೇಳಿದೆ: "ಬೇಡ ಅಂತ ಹೇಳು. ನಮ್ಮ ಧರ್ಮದಲ್ಲಿ ಕೌದಿ ಬಿಚ್ಚಬಾರದು. ಬಿಚ್ಚಿದರೆ ಒಳಗಿದ್ದವರ ಆತ್ಮಕ್ಕೆ ಶಾಂತಿ ಇರಲ್ಲ."

ಅಂಥ ಯಾವ ಶಾಸ್ತ್ರವೂ ಇಲ್ಲ. ನಮ್ಮಜ್ಜಿ ನಾಲ್ಕೈದು ವರ್ಷಕ್ಕೊಮ್ಮೆ ಕೌದಿ ಬಿಚ್ಚಿ, ಒಗೆದು, ಸವೆದದ್ದನ್ನು ತೆಗೆದು, ಮತ್ತೆ ಹೊಲಿಯುತ್ತಿದ್ದಳು. ಬಿಚ್ಚುವುದಕ್ಕೆಂದೇ ಇರುವ ವಸ್ತು ಅದು.

ಮೇಘನಾ ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಜಪಾನಿಗೆ ತಿರುಗಿ, ಬಹಳ ಮರ್ಯಾದೆಯಿಂದ, ತಲೆತಗ್ಗಿಸಿ, ನನ್ನ ಸುಳ್ಳನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಮಿವಾ ಸಾನ್ ಬೆಂಕಿ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು. ಕತ್ತರಿಯನ್ನು ಚಾಪೆಯ ಮೇಲಿಟ್ಟು, ನನ್ನ ಮುಂದೆ ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿದಳು. ತಿಳಿಯದೆ ಅಪಚಾರ ಮಾಡಲು ಹೊರಟಿದ್ದಕ್ಕೆ ಕ್ಷಮೆ ಕೇಳಿದಳು — ನನ್ನ ಹತ್ತಿರ.

ಕೌದಿಯನ್ನು ಹರುಯೆ ಸಾನ್ ಎದೆಯ ಮೇಲೆ ಹೊದಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲ್ಲವೂ ಬೂದಿ. ನನಗೆ ಮೊದಲು ಅನ್ನಿಸಿದ್ದು ದುಃಖವಲ್ಲ. ಇನ್ನು ಯಾರೂ ಬಿಚ್ಚುವಂತಿಲ್ಲ ಎಂಬ ನೆಮ್ಮದಿ. ಇದನ್ನು ಬರೆಯದೆ ಬಿಡಬಹುದಿತ್ತು, ಬಿಡುವುದಿಲ್ಲ.

ಅಂದಿನಿಂದ ಪ್ರತಿ ಶರತ್ಕಾಲ ಮಿವಾ ಸಾನ್ ಹಳೆಯ ಮನೆಯ ಮರದ ಹಣ್ಣುಗಳ ಒಂದು ಪೆಟ್ಟಿಗೆಯನ್ನು ನಮ್ಮ ಮನೆಗೆ ತಲುಪಿಸುತ್ತಾಳೆ. ಜೊತೆಗೊಂದು ಚೀಟಿ. ಈ ವರ್ಷದ ಚೀಟಿ ಉದ್ದವಿತ್ತು. ಮೇಘನಾ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಓದಿ ಹೇಳಿದಳು. ಮಿವಾ ಸಾನ್ ಒಂದು ಕೌದಿ ಹೊಲಿಯಬೇಕೆಂದಿದ್ದಾಳೆ. ಒಳಗೆ ತಾಯಿಯ ಏಪ್ರನ್ ಇಡುತ್ತಾಳಂತೆ. ತಂದೆಯದು ಏನೂ ಇಲ್ಲ ಎಂಬುದು ಈಗ ನೋವಲ್ಲವಂತೆ. ಅವರು ಅಮ್ಮನ ಜೊತೆ ಹೋದರಲ್ಲ, ಅದೇ ಸರಿ, ಅಂದು ನೀವು ತಡೆದದ್ದಕ್ಕೆ ಋಣಿ. ಭಾನುವಾರ ಟೋಕಿಯೊಗೆ ಬಂದು ಕಲಿಸುತ್ತೀರಾ?

ಓದಿ ಮುಗಿಸಿ ಮೇಘನಾ, "ಸೋ ಸ್ವೀಟ್ ಅಲ್ವಾ? ಹೋಗೋಣ. ನಾನ್ ಟ್ರಾನ್ಸ್‌ಲೇಟ್ ಮಾಡ್ತೀನಿ" ಎಂದಳು.

ಗ್ಯಾಸ್ ಆರಿಸಿ ನೆಲದ ಮೇಲೆ ಕೂತುಬಿಟ್ಟೆ. ಅಲ್ಲಿಯೇ, ಕುಕ್ಕರಿನ ಪಕ್ಕದಲ್ಲಿ, ಎಲ್ಲವನ್ನೂ ಹೇಳಿದೆ. ಕೈಗವಸು, ಕತ್ತರಿ, ಕಾಫಿ ಚರಟ, ಲಾರಿ.

ಅವಳು ಅಳಲಿಲ್ಲ. ಈಗ ಹದಿನೆಂಟು ಅವಳಿಗೆ. ಚೀಟಿಯನ್ನು ಮಡಿಚಿ ಕಟ್ಟೆಯ ಮೇಲಿಟ್ಟು ಕೇಳಿದಳು: "ದೇವರಿಗೆ ಬೇಡವಾಗಿತ್ತಾ ಅಮ್ಮಾ, ನಿನಗೆ ಬೇಡವಾಗಿತ್ತಾ?"

ಒಂಬತ್ತು ವರ್ಷ ನಾನು ನನಗೇ ಹೇಳಿಕೊಂಡಿದ್ದ ಉತ್ತರ ಬಾಯಿಯ ತುದಿಯಲ್ಲಿತ್ತು — ಮಡಿ, ನವರಾತ್ರಿ, ಆರದ ದೀಪ. ಆದರೆ ದೀಪ ಏನೂ ಅಂದಿರಲಿಲ್ಲ.

"ನನಗೆ" ಎಂದೆ. "ನನಗೆ ಹೇಸಿಗೆಯಾಯ್ತು."

"ಮತ್ತೆ ಅವತ್ತು ನನ್ನ ಕೈಲಿ ಹೇಳಿಸಿದೆ."

"ಹೂಂ."

"ನಾನ್ ಬರಲ್ಲ. ಬಂದ್ರೂ ಟ್ರಾನ್ಸ್‌ಲೇಟ್ ಮಾಡಲ್ಲ. ಹೋದ ಸಲ ನಾನ್ ಹೇಳಿದ್ದು ಸಾಕು. ಈ ಸಲ ನೀನೇ ಹೇಳು."

ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಬೇಕಾದಷ್ಟೇ ಮಾತು.

ನಮ್ಮ ಮನೆಯವರಿಗೂ ಹೇಳಿದೆ. "ಈಗ ಹೇಳಿ ಆ ಹುಡುಗಿ ನೆಮ್ಮದಿ ಯಾಕೆ ಕೆಡಿಸ್ತೀಯ? ಲೀವ್ ಇಟ್" ಎಂದರು. ಅದನ್ನೂ ತೂಗಿ ನೋಡಿದ್ದೇನೆ. ಅವಳ ನೆಮ್ಮದಿ ನಿಂತಿರುವುದು ನನ್ನ ಸುಳ್ಳಿನ ಮೇಲೆ ಎಂಬುದು ನಿಜ. ಆದರೆ ಅವಳು ಇನ್ನೊಂದು ಕೌದಿಯ ಮೂಲೆ ಮುಚ್ಚುವಾಗ ಎದುರಿಗೆ ಕೂತು, ನಾನು ಸೂಜಿಗೆ ದಾರ ಪೋಣಿಸಿ ಕೊಡುವುದು — ಅದು ನನ್ನಿಂದಾಗದು. ಹೋಗದೆ ಇರುವುದೂ ಸುಳ್ಳೇ. ಅವಳಿಗೆ ನನ್ನ ಮೇಲೆ ಸಿಟ್ಟು ಮಾಡುವ ಹಕ್ಕಿದೆ. ನಾಲ್ಕು ವರ್ಷದಿಂದ ಅದರ ಬದಲು ಹಣ್ಣು ಕಳಿಸುತ್ತಿದ್ದಾಳೆ.

ಜಪಾನಿಯಲ್ಲಿ ಏಳು ಸಾಲು ಬರೆದುಕೊಂಡಿದ್ದೇನೆ, ಕನ್ನಡ ಅಕ್ಷರದಲ್ಲಿ. ಕೋಟನ್ನು ಕೌದಿಯಲ್ಲಿ ಇಡಲಿಲ್ಲ. ಕೊಳಕು ಅನ್ನಿಸಿತು. ಕತ್ತರಿಸಿ ಕಸಕ್ಕೆ ಹಾಕಿದೆ. ಆ ಚೀಲವನ್ನು ನಿಮ್ಮ ತಾಯಿ ತಮ್ಮ ಕೈಯಿಂದ ಎತ್ತಿಟ್ಟರು, ಅವರಿಗೆ ಗೊತ್ತಿರಲಿಲ್ಲ. ಬಿಚ್ಚಬಾರದೆಂಬ ಪದ್ಧತಿ ನಮ್ಮಲ್ಲಿಲ್ಲ. ಮಗಳಿಗೂ ಅದು ಸುಳ್ಳೆಂದು ತಿಳಿದಿರಲಿಲ್ಲ. ಇವಕ್ಕೆಲ್ಲ ಮುಂಚೆ, ಮೊದಲನೆಯ ಸಾಲಾಗಿ, ಕ್ಷಮೆ ಕೇಳುವ ಮಾತು: "ಸುಮಿಮಾಸೆನ್".

ಇವತ್ತು ಶನಿವಾರ. ಬಟ್ಟೆ ಮಡಿಚುತ್ತಾ ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೆ. ಮೇಘನಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ, ನಾನು ನೋಡಿರಲಿಲ್ಲ.

"ಅದು ಮೊದಲು ಬೇಡ" ಎಂದಳು.

"ಯಾವುದು?"

"ಸುಮಿಮಾಸೆನ್. ನೀನು ಅದನ್ನ ಮೊದಲೇ ಅಂದ್ರೆ ಅವ್ರು 'ಇಲ್ಲ ಇಲ್ಲ, ಪರವಾಗಿಲ್ಲ' ಅಂತಾರೆ. ವಿಷಯ ಕೇಳೋ ಮುಂಚೇನೇ ಅಂದ್ಬಿಡ್ತಾರೆ, ಪೊಲೈಟ್ ಆಗಿ. ಆಮೇಲೆ ಸಿಟ್ಟು ಬಂದ್ರೂ ಪಾಪ ತೋರ್ಸಕ್ಕಾಗಲ್ಲ. ಮೊದ್ಲು ಏನ್ ಮಾಡ್ದೆ ಅಂತ ಹೇಳು."

ಪೆನ್ನು ತೆಗೆದುಕೊಂಡು ಮೊದಲ ಸಾಲನ್ನು ಹೊಡೆದುಹಾಕಿದೆ. ಈಗ ಆರು ಸಾಲು ಉಳಿದಿವೆ. ಅವಳು ಪಕ್ಕದಲ್ಲಿ ಕೂತು ನನ್ನ ಉಚ್ಚಾರ ತಿದ್ದಿದಳು, ಎರಡು ಸಲ. ಅರ್ಥವನ್ನು ಮೆತ್ತಗೆ ಮಾಡಲಿಲ್ಲ, ನಾನೂ ಕೇಳಲಿಲ್ಲ.

ನಾಳೆ ಹತ್ತು ಗಂಟೆಯ ರೈಲಿಗೆ ಹೋಗುತ್ತೇನೆ. ಸೂಜಿ, ದಾರ ಒಯ್ಯುತ್ತಿಲ್ಲ.